ನಲವತ್ತೆರಡನೇ ಮೀಟರಿನ ಕಲ್ಲು

ಬೆಟ್ಟದ ಮೇಲೆ ಕೂತು ಕೋಟೆ ಸೀಮೆಯನ್ನು ಕಾಯುವ ತಾಯಿ ಚಿಕ್ಕದೇವಮ್ಮನ ಪಾದಕ್ಕೆ ಮೊದಲ ನಮಸ್ಕಾರ. ನಾವು ಮೆಟ್ಟುವ ಮಣ್ಣೂ ಅವಳೇ, ಅದನ್ನು ಕೊರೆಯುವವರಿಗೆ ಬುದ್ಧಿ ಕೊಡಬೇಕಾದವಳೂ ಅವಳೇ.

ಎಚ್.ಡಿ. ಕೋಟೆ ಕಡೆಯ ನಮ್ಮೂರಿಗೆ ಖನಿಜ ಹುಡುಕುವವರು ಬಂದಾಗ ನನಗೂ ಅವರಲ್ಲಿ ಕೆಲಸ ಸಿಕ್ಕಿತು. ಭೂಮಿ ಕೊರೆದಾಗ ಕೊಳವೆಯೊಳಗಿಂದ ಒನಕೆಯ ಹಾಗೆ ದುಂಡಗೆ ಕಲ್ಲು ಬರುತ್ತದೆ. ಅದನ್ನು ತುಂಡು ತುಂಡಾಗಿ ತಗಡಿನ ಪೆಟ್ಟಿಗೆಯಲ್ಲಿ ಜೋಡಿಸಿ, ಎಷ್ಟು ಆಳದ್ದೆಂದು ಕಲ್ಲಿನ ಮೇಲೇ ಬಣ್ಣದಲ್ಲಿ ಬರೆದು, ಕಾಯುವುದು ನನ್ನ ಪಾಲಿನ ಸೇವೆ. ಮಣ್ಣು ಕೆದಕುವ ಕಡೆ ಈಗ ಹೇಳಲಿರುವಂಥ ಪ್ರಸಂಗಗಳು ನಡೆಯುತ್ತಲೇ ಇರುತ್ತವೆ. ನಗುವಂಥವೇ. ಆದರೆ ನಕ್ಕು ಮುಗಿಸಿದ ಮೇಲೆ ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ.

1. ತಲೆಯಾಡಿಸಿದ್ದು

ನಮ್ಮ ಸಾಹೇಬರು ಉತ್ತರದ ಕಡೆಯವರು, ಕಲ್ಲಿನ ವಿದ್ಯೆ ಓದಿದವರು, ಧರ್ಮಕ್ಕೆ ಹೆದರುವವರು. ಒಪ್ಪಿಗೆಯಿಲ್ಲದೆ ಯಾರ ಹೊಲಕ್ಕೂ ಕಾಲಿಡುತ್ತಿರಲಿಲ್ಲ. ಸಭೆ ಸೇರಿಸಿ, ಪಟ ತೋರಿಸಿ, ಕಲಿತ ಅಷ್ಟೂ ಕನ್ನಡದಲ್ಲಿ ಒಂದು ಗಂಟೆ ವಿವರಿಸಿದರು. ಊರು ಪೂರ್ತಿ ತಲೆಯಾಡಿಸಿತು.

ಮೊದಲ ಗುಂಡಿ ಒಬ್ಬ ಅಜ್ಜಿಯ ಎರಡೆಕರೆ ಹೊಲದಲ್ಲಿ. ಮಿಷಿನ್ ತಂದು ನಿಲ್ಲಿಸಿದ ದಿನ ನೋಡುತ್ತೇವೆ, ಹೆಂಗಸರೆಲ್ಲ ಬಿಂದಿಗೆ ಹಿಡಿದು ಸಾಲಾಗಿ ಬರುತ್ತಿದ್ದಾರೆ! ಊರು ತಲೆಯಾಡಿಸಿದ್ದು ಬೋರ್‌ವೆಲ್ ಎಂದು.

"ನೀರಿಗಲ್ಲ ಅಜ್ಜಿ, ಕಲ್ಲಿಗೆ" ಎಂದರು ಸಾಹೇಬರು.

"ಒಂದ್ವೇಳೆ ನೀರು ಬಂದ್ರೆ?"

"ಸಿಮೆಂಟ್ ತುಂಬಿ ಮುಚ್ಚುತ್ತೇವೆ. ಭೂಮಿಗೆ ಹಾನಿಯಾಗಬಾರದು. ಅದು ನಿಯಮ."

ಅಜ್ಜಿ ಬಿಂದಿಗೆ ಕೆಳಗಿಟ್ಟಳು. "ನೀರು ಬಂದ್ರೆ ಮುಚ್ತಾರಂತೆ, ಕಲ್ಲು ಬಂದ್ರೆ ಪೆಟ್ಟಿಗೇಲಿ ಮಡಗ್ತಾರಂತೆ. ಯಾವ ಇಸ್ಕೂಲ್ನಾಗೆ ಓದವ್ರೆ ಕಣಪ್ಪ ಇವ್ರು?"

2. ಮುದ್ದೆ

ಒಣ ಕಲ್ಲಿನ ಬಣ್ಣ ಸರಿಯಾಗಿ ಕಾಣುವುದಿಲ್ಲ, ಒದ್ದೆ ಮಾಡಬೇಕು. ನೀರು ಹತ್ತಿರವಿಲ್ಲದಿದ್ದರೆ ಸಾಹೇಬರು ನಾಲಿಗೆಯಿಂದಲೇ ಒದ್ದೆ ಮಾಡಿ ನೋಡುತ್ತಿದ್ದರು. ಅದು ಅಜ್ಜಿಯ ಕಣ್ಣಿಗೆ ಬಿತ್ತು.

"ಲೇ, ನಿಮ್ ಅಡುಗೆಯೋನು ಇವರಿಗೆ ಊಟ ಇಕ್ಕಾಕಿಲ್ವಾ? ಯಾರ್ ಹೆತ್ತ ಮಗನೋ, ಕಲ್ಲು ನೆಕ್ಕೋ ಗತಿ ಬಂತಲ್ಲ!" ಎಂದು ನನ್ನನ್ನು ಬೈದು, ಮುದ್ದೆ, ಹುರುಳಿಕಾಳಿನ ಸಾರು ತಂದಿಟ್ಟಳು. ಸಾಹೇಬರು ಎರಡು ಮುದ್ದೆ ನುಂಗಿದರು.

ಆಮೇಲಿಂದ ಮಧ್ಯಾಹ್ನವಾದರೆ ಸಾಕು, ಅಜ್ಜಿಯ ಮನೆ ಕಡೆ ತಿರುಗಿ ನಿಂತೇ ಕಲ್ಲು ನೆಕ್ಕುತ್ತಿದ್ದರು.

3. ಇಲ್ಲದ ತುಂಡು

ಪಿತೃಪಕ್ಷದ ಹಿಂದುಮುಂದು. ನಲವತ್ತೆರಡನೇ ಮೀಟರಿನಲ್ಲಿ ಒಂದೂವರೆ ಅಡಿಯ ತುಂಡೊಂದು ಕಾಣೆಯಾಯಿತು. ಅದರ ಮೇಲಿನ ತುಂಡಿನಲ್ಲಿ ಕಪ್ಪು ಗೆರೆ ಶುರುವಾಗಿತ್ತು, ಕೆಳಗಿನದರಲ್ಲಿ ಮುಗಿದಿತ್ತು. ಎಲ್ಲರೂ ಹುಡುಕುತ್ತಿದ್ದದ್ದು ಏನಿದೆಯೋ ಅದು ನಡುವಿನ ತುಂಡಿನಲ್ಲಿ, ಆ ತುಂಡೇ ಇಲ್ಲ.

ಮಿಷಿನ್ ನಡೆಸುವ ಡ್ರಿಲ್ಲರ್ ನನ್ನ ಮೇಲೆ ಹಾರಿದ. "ಪೆಟ್ಟಿಗೆ ಕಾಯೋದು ಬುಟ್ಟು ಎಲ್ಲೋಗಿದ್ದೆ?"

"ಎಲ್ಲೂ ಹೋಗಿಲ್ಲ ಕಣಣ್ಣ. ಪೆಟ್ಟಿಗೆ ಪಕ್ಕದಲ್ಲೇ ಕಣ್ಣು ಮುಚ್ಚಿ ದೇವರ ನಾಮ ಹೇಳ್ಕೋತಿದ್ದೆ."

"ನಿನ್ ದೇವರಾದ್ರೂ ಒಂದ್ ಕಣ್ಣು ಬುಟ್ಕೊಂಡಿರಬಾರದಾಗಿತ್ತಾ?"

ದೊಡ್ಡ ಆಫೀಸಿನಿಂದ ಅಪ್ಪಣೆ ಬಂತು: ಐದು ಹೆಜ್ಜೆ ಪಕ್ಕದಲ್ಲಿ ಮತ್ತೆ ಕೊರೆಯಿರಿ. ಒಂದು ಕಡೆ ಕರೆಂಟು ತಂತಿ, ಇನ್ನೊಂದು ಕಡೆ ಹಳ್ಳ. ಉಳಿದದ್ದು ಹೊಲದ ಮೂಲೆ. ಆ ಮೂಲೆಯಲ್ಲೇ ಅಜ್ಜಿಯ ಗಂಡನನ್ನು ಹೋದ ವರ್ಷ ಮಣ್ಣು ಮಾಡಿದ್ದರು. ನಮ್ಮ ಕಡೆ ಸತ್ತವರು ಅವರವರ ಹೊಲದಲ್ಲೇ ಮಲಗುತ್ತಾರೆ, ಪಕ್ಷಕ್ಕೆ ಅಲ್ಲೇ ಎಡೆ.

ಡ್ರಿಲ್ಲರ್ ಟೋಪಿ ತೆಗೆದು ತಲೆ ಕೆರೆದುಕೊಂಡ. "ಅಲ್ಲಿ ಕೊರುದ್ರೆ ಮೊದಲ ಪೆಟ್ಟಿಗೇಲಿ ಏನ್ ಬತ್ತದೆ ಅಂತ ಬರೀತೀಯ?"



4. ಗುಡ್ಡೆಯ ಹತ್ತಿರ

ವಿಷಯ ತಿಳಿಸುವ ಪಾಪದ ಕೆಲಸ ನನ್ನ ತಲೆಗೆ ಬಂತು. "ತಾಯಿ, ನನ್ನ ನಾಲಿಗೆ ಮೇಲೆ ನೀನೇ ಕೂತ್ಕೋ" ಎಂದು ಬೇಡಿಕೊಳ್ಳುತ್ತ ಹೋದೆ. ಅಜ್ಜಿ ಗಂಡನ ಸಮಾಧಿಯ ಗುಡ್ಡೆಗೆ ಎಡೆ ಇಡುತ್ತಿದ್ದಳು. ಮುದ್ದೆ, ಕೋಳಿ ಸಾರು, ಒಂದು ಕಟ್ಟು ಬೀಡಿ. ಗುಡ್ಡೆಯ ತಲೆಯ ಕಡೆ ಹೊಸದಾಗಿ ಒಂದು ಕಲ್ಲು ನೆಟ್ಟಿತ್ತು. ದುಂಡಗೆ, ನುಣ್ಣಗೆ, ಮೈತುಂಬ ವಿಭೂತಿ. ನೋಡಿದೊಡನೆ ಕೈ ಮುಗಿದೆ. ಮುಗಿದ ಕೈ ಹಾಗೇ ನಿಂತಿತು. ವಿಭೂತಿಯ ಅಡಿಯಲ್ಲಿ ನನ್ನದೇ ಕೈಬರಹ: ನಲವತ್ತೆರಡು ಮೀಟರ್.

"ಅಜ್ಜಿ, ಇದನ್ನ..."

"ನಿನ್ನ ಕೇಳಾವ ಅಂತಲೇ ಬಂದೆ ಕಣಪ್ಪ. ನೀನು ಕಣ್ಣು ಮುಚ್ಕೊಂಡು ದೇವರ ಕುಟೆ ಮಾತಾಡ್ತಿದ್ದೆ. ಮಧ್ಯಕ್ಕೆ ಬಾಯಿ ಹಾಕಬಾರದು ಅಂತ ತಕ್ಕೊಂಡೋದೆ. ಕಲ್ಲಿಲ್ದೆ ಇದ್ರೆ ದನ ತುಳೀತವೆ. ನೀನೇನೋ ಮಂತ್ರ ಬರ್ದಿದ್ದೆ, ಅಳುಸ್ಲಿಲ್ಲ."

ಕಲ್ಲು ಕಿತ್ತರೆ ಪಾಪ, ಕೀಳದಿದ್ದರೆ ಮಿಷಿನ್ ಬರುತ್ತದೆ. ಸಾಹೇಬರನ್ನು ಕರೆತಂದು ಇಬ್ಬರಿಗೂ ಎಲ್ಲವನ್ನೂ ಹೇಳಿಬಿಟ್ಟೆ. ಸಾಹೇಬರು ಚಪ್ಪಲಿ ಬಿಟ್ಟು ಮಂಡಿಯೂರಿ ಕೂತು, ಅಭ್ಯಾಸದಂತೆ ಕಲ್ಲಿಗೆ ನಾಲಿಗೆ ತಂದರು.

"ಎಂಜಲು ಮಾಡಬ್ಯಾಡಿ!" ಎಂದು ಅಜ್ಜಿ ಚೊಂಬಿನ ನೀರನ್ನೇ ಹೊಯ್ದಳು. ವಿಭೂತಿ ಇಳಿದು ಕಪ್ಪು ಗೆರೆ ಫಳಫಳ ಹೊಳೆಯಿತು. ಸಾಹೇಬರು ಮೆಲ್ಲಗೆ ಹೇಳಿದರು, "ನಮ್ಮಲ್ಲಿ ಕಲ್ಲನ್ನು ಉದ್ದಕ್ಕೆ ಸೀಳಿ ಅರ್ಧ ಮಾತ್ರ ಪರೀಕ್ಷೆಗೆ ಕಳಿಸುತ್ತಾರೆ. ಇನ್ನರ್ಧ ಜೋಪಾನವಾಗಿ ಇಡಲೇಬೇಕು. ಆ ಅರ್ಧ ಇಲ್ಲೇ ಇರಲಿ ಅಜ್ಜಿ. ಮತ್ತೆ ಕೊರೆಯುವುದು ತಪ್ಪುತ್ತದೆ."

ಅಜ್ಜಿ ಗುಡ್ಡೆಯನ್ನೇ ನೋಡುತ್ತ ಕೂತಿದ್ದಳು. "ತಕ್ಕೊಂಡೋಗಿ. ಒಂದು ಬೀಡಿ ಹಚ್ಚುದ್ರೂ ಅರ್ಧ ಇನ್ನೊಬ್ರಿಗೆ ಕೊಡೋನು ಅವ್ನು."

ಸೀಳಿದ ಕಲ್ಲಿನ ಅರ್ಧವನ್ನು ನಾನೇ ಮತ್ತೆ ನೆಟ್ಟೆ. ಕಲ್ಲಿನ ಲೆಕ್ಕದ ಪುಸ್ತಕದಲ್ಲಿ, ಉಳಿದರ್ಧ ಎಲ್ಲಿದೆ ಎನ್ನುವ ಜಾಗದಲ್ಲಿ, "ಅಜ್ಜಿಯ ಯಜಮಾನರ ವಶ" ಎಂದು ಬರೆದೆ. ಸಾಹೇಬರು ಸಹಿ ಹಾಕಿದರು.

ಕೆಲವು ವಾರಗಳ ಮೇಲೆ ಸಾಹೇಬರು ಕಾಗದ ಹಿಡಿದು ಬಂದರು. ಮುಖದಲ್ಲಿ ಕಳೆಯಿರಲಿಲ್ಲ.

"ಅಜ್ಜಿ, ನಿಮ್ಮ ಯಜಮಾನರ ಕಲ್ಲಿನ ರಿಪೋರ್ಟ್ ಬಂತು. ತುಂಬಾ ಚೆನ್ನಾಗಿದೆ. ಇನ್ನು ಸುತ್ತ ಎಲ್ಲರ ಹೊಲದಲ್ಲೂ ಕೊರೆಯುತ್ತಾರೆ. ನೀವು ಒಪ್ಪದೆ ಇಲ್ಲಿಗೆ ಬರುವುದಿಲ್ಲ. ಆದರೆ ಕೇಳುವುದನ್ನು ಬಿಡುವುದಿಲ್ಲ. ನಾನಲ್ಲದಿದ್ದರೆ ಇನ್ನೊಬ್ಬರು ಬಂದು ಕೇಳುತ್ತಾರೆ."

ಅಜ್ಜಿ ಕಾಗದವನ್ನು ತಲೆಕೆಳಗಾಗಿ ಹಿಡಿದು ತುಂಬಾ ಹೊತ್ತು ನೋಡಿದಳು.

"ಎರಡು ವರ್ಷ ಮೈಸೂರು ಆಸ್ಪತ್ರೆಗೆ ಹೊತ್ಕೊಂಡು ತಿರುಗ್ದೆ ಕಣಪ್ಪ. ಒಂದ್ ದಿನಾನಾದ್ರೂ ಇವನ ರಿಪೋರ್ಟ್ ಚೆನ್ನಾಗದೆ ಅನ್ನಲಿಲ್ಲ ಆ ಡಾಕ್ಟ್ರು. ಮಣ್ಣಾದ್ಮೇಲೆ ಹುಷಾರಾದ್ನಾ ನನ್ ಗಂಡ?"

ಓದಿದ ನಿಮಗೆ, ಓದಿಸಿ ಕೇಳಿದವರಿಗೆ, ತಾಯಿ ತಂಪಾಗಿಟ್ಟಿರಲಿ. ನಿಮ್ಮ ರಿಪೋರ್ಟುಗಳೆಲ್ಲ ಜೀವ ಇರುವಾಗಲೇ ಚೆನ್ನಾಗಿ ಬರಲಿ.