ಮಾವನ ಮನೆಯ ತೂತು ರಟ್ಟು

ಕಸದ ವಿಷಯದಲ್ಲಿ ಚಳ್ಳಕೆರೆಯ ನಮ್ಮ ಬೀದಿಯಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ನಾನು ನಂಬಿದ್ದ ಕಾಲವೊಂದಿತ್ತು. ಆಗಿನ್ನೂ ಮೊಬೈಲು ಎಲ್ಲರ ಜೇಬಿಗೆ ಇಳಿದಿರಲಿಲ್ಲ. ಒಂದು ಸಂಜೆ ಯಾರೋ ನಮ್ಮ ಬಡಾವಣೆಗೆ ಬಂದು, ಕಾಗದ ಬೇರೆ, ಪ್ಲಾಸ್ಟಿಕ್ ಬೇರೆ, ತಗಡು ಬೇರೆ ಮಾಡಿ ಕೊಡಿ, ಅದರಿಂದ ಹೊಸ ವಸ್ತು ಮಾಡಬಹುದು ಎಂದು ಭಾಷಣ ಮಾಡಿದರು. ಕೇಳಿದವರೆಲ್ಲ ಕೊಟ್ಟ ಟೀ ಕುಡಿದು ಮನೆಗೆ ಹೋಗಿ ಮಲಗಿದರು. ನಾನು ಮಾತ್ರ ಮನೆಗೆ ಹೋಗಿ ಮೂರು ಗೋಣಿಚೀಲ ಹುಡುಕಿದೆ!

ನಾನು ಎಣ್ಣೆ ಮಿಲ್ಲಿನ ಆಫೀಸಿನಲ್ಲಿ ಗುಮಾಸ್ತ. ವಿಂಗಡಿಸುವುದು ನನ್ನ ರಕ್ತದಲ್ಲೇ ಇದೆ ಎಂದುಕೊಂಡಿದ್ದೆ. ಆದರೆ ಮೊದಲ ದಿನವೇ ತಲೆ ಕೆಟ್ಟಿತು. ಹಲ್ಲುಪೇಸ್ಟಿನ ಟ್ಯೂಬು ತಗಡೋ ಪ್ಲಾಸ್ಟಿಕ್ಕೋ? ಊದುಬತ್ತಿಯ ಪೊಟ್ಟಣ ಹೊರಗೆ ಕಾಗದ, ಒಳಗೆ ಪ್ಲಾಸ್ಟಿಕ್. ಹಾಗಾದರೆ ಅದು ಯಾವ ಚೀಲದ ಪ್ರಜೆ?

ನನ್ನ ಹೆಂಡತಿ ಸರೋಜ ಬಾಗಿಲಲ್ಲಿ ನಿಂತು ನೋಡಿದಳು. "ರೀ, ಆ ಪೊಟ್ಟಣ ಹಿಡ್ಕಂಡು ಎಷ್ಟೊತ್ತು ಆತು? ಒಲೆಗೆ ಹಾಕಿದ್ರೆ ಸ್ನಾನಕ್ಕೆ ನೀರಾದ್ರೂ ಕಾಯ್ತಿತ್ತು."

ಮಹತ್ಕಾರ್ಯಗಳನ್ನು ಮನೆಯವರು ಅರ್ಥ ಮಾಡಿಕೊಂಡದ್ದು ಯಾವ ಕಾಲದಲ್ಲಿ!

ಇಷ್ಟರಲ್ಲಿ ಮೊಳಕಾಲ್ಮೂರಿನಲ್ಲಿ ಸರೋಜಳ ತಂಗಿ ಗಿರಿಜಳ ಮದುವೆ ನಿಶ್ಚಯವಾಯಿತು. ನನ್ನ ಮಾವ ರೇಷ್ಮೆ ಸೀರೆ ನೇಯುವವರು. ಸರೋಜಳ ಮದುವೆಯ ಹೊತ್ತಿಗೆ ಅವರು ಜ್ವರ ಬಂದು ಮಲಗಿದ್ದರಿಂದ ಯಾರೋ ನೇಯ್ದ ಸೀರೆಯಲ್ಲೇ ಧಾರೆ ಆಗಿತ್ತು. ಆ ಕೊರಗು ಅವರಿಗೆ ಹೋಗಿರಲಿಲ್ಲ. ಕಿರಿಮಗಳ ಧಾರೆ ಸೀರೆಯನ್ನಾದರೂ ತಮ್ಮ ಕೈಯಾರೆ ನೇಯಬೇಕು ಎಂಬುದೊಂದೇ ಅವರ ಆಸೆ.

ನಾವು ಹೋದಾಗ ಮಗ್ಗಕ್ಕೆ ಅರಿಶಿನ ಬಣ್ಣದ ರೇಷ್ಮೆ ಎಳೆಗಳನ್ನು ಏರಿಸಿಯಾಗಿತ್ತು. ಮರುದಿನ ನೇಯ್ಗೆ ಶುರು. ಮನೆಯಲ್ಲೆಲ್ಲ ಸುಣ್ಣ ಬಳಿಯುವ ಗಡಿಬಿಡಿ. "ಅಳಿಯಂದ್ರು ಸುಮ್ನೆ ಕುಂತ್ಕಳ್ಳಿ" ಎಂದರು ಅತ್ತೆ. ನಾನು ಕೂರಲಿಲ್ಲ. ಕೂತಿದ್ದರೆ ಎಲ್ಲರಿಗೂ ಒಳ್ಳೆಯದಾಗುತ್ತಿತ್ತು!

"ಅತ್ತೆ, ಮನೇಲಿರೋ ಹಳೇ ಕಾಗದ, ಪ್ಲಾಸ್ಟಿಕ್ಕು, ತಗಡು ಎಲ್ಲಾ ನಂಗೆ ಬಿಡ್ರಿ. ಒಂದೊಂದನ್ನೂ ಸೇರಬೇಕಾದ ಕಡೆ ಸೇರಿಸಿ ಬರ್ತೀನಿ."

ಮಗ್ಗದ ಕೋಣೆಗೆ ನಾನು ಕಾಲಿಟ್ಟದ್ದು ಕಡಿಮೆ. ಆ ಮನೆಯಲ್ಲಿ ಅಳಿಯನ ಜಾಗ ನಡುಮನೆಯ ಮಂಚ. ಅಂದು ಒಳಗೆ ಹೋಗಿ ನೋಡಿದರೆ ಮೂಲೆಯಲ್ಲಿ ದಾರದಿಂದ ಒಂದಕ್ಕೊಂದು ಹೊಲಿದ ಉದ್ದುದ್ದ ರಟ್ಟಿನ ಪಟ್ಟಿಗಳ ಎರಡು ಕಟ್ಟು. ಧೂಳು, ಎಣ್ಣೆ ಜಿಡ್ಡು, ಮೈತುಂಬ ತೂತು! ಮದುವೆ ಮನೆಯಲ್ಲಿ ಹುಳ ತಿಂದ ರಟ್ಟು ಇಟ್ಟುಕೊಂಡಿದ್ದಾರಲ್ಲ ಎಂದು ಮರುಗಿ ಕಾಗದದ ಚೀಲಕ್ಕೆ ತುಂಬಿದೆ.

ಹಳೇ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಶೆಡ್ಡಿನಲ್ಲಿ ಕಾಗದ ತೆಗೆದುಕೊಳ್ಳುತ್ತಿದ್ದರು. ಅದನ್ನು ನೋಡಿಕೊಳ್ಳುತ್ತಿದ್ದ ಖಾದರ್ ಭಾಯಿ ಆ ರಟ್ಟನ್ನು ಎತ್ತಿ ನೋಡಿ, "ಡಿಸೈನ್ ಹಳೇದಾಯ್ತಾ ಸಾಬ್?" ಎಂದ.

ಯಾವ ಡಿಸೈನು, ಯಾರ ಡಿಸೈನು, ನನಗೊಂದೂ ತಿಳಿಯಲಿಲ್ಲ. ಆದರೆ ತಿಳಿಯಲಿಲ್ಲ ಎಂದು ಒಪ್ಪಿಕೊಳ್ಳುವ ವಂಶವಲ್ಲ ನಮ್ಮದು. "ಪೂರಾ ಹಳೇದು!" ಎಂದೆ.

"ಹಂಗಾರೆ ದಾರ ಬಿಚ್ಚಿ ಕೊಡಿ. ರಟ್ಟು ನಮ್ದು, ದಾರ ನಮ್ದಲ್ಲ."

ನಿಯಮವೆಂದರೆ ನಿಯಮ. ಕಟ್ಟೆಯ ಮೇಲೆ ಕೂತು ಬ್ಲೇಡಿನಿಂದ ಅಷ್ಟೂ ದಾರ ಕತ್ತರಿಸಿದೆ. ಬಿಡಿಬಿಡಿಯಾದ ಪಟ್ಟಿಗಳನ್ನು ಇಸ್ಪೀಟು ಕಲಸಿದಂತೆ ಕಲಸಿ, ಅಂಚು ಸಮ ಮಾಡಿ ಒಪ್ಪಿಸಿದೆ. ಪ್ಲಾಸ್ಟಿಕ್ ಸಂತೆ ಮೈದಾನದಲ್ಲಿ ಅದನ್ನು ಕೊಳ್ಳುವವನಿಗೆ, ತಗಡು ಗುಜರಿ ಅಂಗಡಿಗೆ ಹೋಯಿತು. ಖಾಲಿ ಚೀಲ ಹೆಗಲಿಗೆ ಹಾಕಿಕೊಂಡು ಎದೆ ಉಬ್ಬಿಸಿ ಮನೆಗೆ ಬಂದೆ.

ಮಗ್ಗದ ಕೋಣೆಯಿಂದ ಮಾವನ ದನಿ ಕೇಳಿಸಿತು. "ಇಲ್ಲಿದ್ದ ಡಿಸೈನ್ ಕಾರ್ಡು ಎಲ್ಲಿ?"

ಆಗ ನನಗೆ ಜ್ಞಾನೋದಯವಾಯಿತು. ಯಾವ ಎಳೆ ಏಳಬೇಕು, ಯಾವುದು ಏಳಬಾರದು ಎಂದು ಮಗ್ಗಕ್ಕೆ ಹೇಳುವುದೇ ಆ ತೂತುಗಳಂತೆ. ಪಟ್ಟಿಗಳು ಸಾಲಾಗಿ ಒಂದರ ಹಿಂದೊಂದು ಬಂದರೆ ಸೀರೆಯ ಮೇಲೆ ಚಿತ್ರ ಮೂಡುತ್ತದಂತೆ. ಒಂದು ಕಟ್ಟು ಅಂಚಿನ ನವಿಲು, ಇನ್ನೊಂದು ಕಟ್ಟು ಸೆರಗಿನ ಮಾವಿನಕಾಯಿ!

"ಅಯ್ಯೋ ದೇವುಡಾ!" ಎಂದು ಅತ್ತೆ ತಲೆಗೆ ಕೈ ಹೊತ್ತರು. ಮಾವ ಮಗ್ಗದ ಪಕ್ಕ ಕುಸಿದು ಕೂತರು. "ಹೋಗ್ಲಿ ಬಿಡಪ್ಪ, ಅಂಗಡೀದೇ ತರಾಣ" ಎಂದಳು ಗಿರಿಜ. ಅದನ್ನು ಕೇಳಿ ಮಾವನ ಕಣ್ಣು ತುಂಬಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಕಣ್ಣು ನೋಡಿ ಮಾತ್ರ ನಾಚಿಕೆಯಿಂದ ಸತ್ತೇ ಹೋದೆ.

ಚಪ್ಪಲಿ ಮರೆತು ಓಡಿದೆ. ಖಾದರ್ ಭಾಯಿ ಆಗಲೇ ಬಂಡಲ್ ಕಟ್ಟಿಟ್ಟು ಲಾರಿಗೆ ಕಾಯುತ್ತಿದ್ದ. "ಪೂರಾ ಹಳೇದು ಅಂದ್ರಲ್ಲ ಸಾಬ್?"

"ಈಗ ಹೊಸದಾಗೈತೆ ಭಾಯಿ, ಬಿಚ್ಚು!"

ಹಳೇ ಕ್ಯಾಲೆಂಡರು, ಪರೀಕ್ಷೆಯ ಉತ್ತರ ಪತ್ರಿಕೆ, ಯಾರದೋ ಲಗ್ನಪತ್ರಿಕೆಗಳ ನಡುವಿನಿಂದ ಪಟ್ಟಿಗಳನ್ನೆಲ್ಲ ಹೆಕ್ಕಿ ತಂದೆ. ಪುಣ್ಯಕ್ಕೆ ಪ್ರತಿ ಪಟ್ಟಿಯ ತುದಿಯಲ್ಲೂ ನಂಬರಿತ್ತು. ಪಾಪಕ್ಕೆ ನವಿಲೂ ಒಂದರಿಂದಲೇ ಶುರು, ಮಾವಿನಕಾಯಿಯೂ ಒಂದರಿಂದಲೇ ಶುರು! ಯಾವ ಐದನೇ ನಂಬರು ನವಿಲಿನದು, ಯಾವುದು ಮಾವಿನಕಾಯಿಯದು? ತೂತು ನೋಡಿ ಹೇಳಲು ಮಾವನಿಗೂ ಆಗಲಿಲ್ಲ.

"ಡಿಸೈನ್ ತೂತು ಹೊಡ್ದೋನು ಧರ್ಮಾವರಕ್ಕೆ ಹೋಗಿ ಯಾವ್ದೋ ಕಾಲ ಆತು. ನಾನು ಬರೀ ನೇಯಾನು. ನೇಯ್ದೇ ನೋಡ್ಬೇಕು" ಎಂದರು.

ಅಂದಾಜಿನಲ್ಲಿ ಎರಡು ಕಟ್ಟು ಮಾಡಿ, ದಾರ ಹೊಲಿದು, ಮಗ್ಗಕ್ಕೆ ಏರಿಸಿದೆವು. ಮಾವ ಒಂದು ಗೇಣು ನೇಯ್ದರು. ನವಿಲು ಬಂತು. ಅದರ ಕುತ್ತಿಗೆ ಇರುವ ಕಡೆ ಮಾವಿನಕಾಯಿ ಇತ್ತು.

"ತಪ್ಪು ಬಂದಿರೋ ನಂಬರ್ ಹೇಳ್ತೀನಿ, ಆ ಕಟ್ಟಿಂದ ತೆಗ್ದು ಈ ಕಟ್ಟಿಗೆ ಹಾಕ್ರಿ" ಎಂದರು ಮಾವ. ಅವರು ಹೇಳಿದರು, ನಾನು ಬದಲಿಸಿದೆ. ಬದಲಿಸಿದೆನೋ ಇಲ್ಲವೋ ಎಂಬ ಅನುಮಾನ ಬಂದು ಇನ್ನೊಮ್ಮೆ ಬದಲಿಸಿದೆ. ಮತ್ತೊಂದು ಗೇಣು ನೇಯ್ದರು. ಈಗ ಮಾವಿನಕಾಯಿಗೆ ಕೊಕ್ಕು ಬಂತು. ಮತ್ತೊಂದು ಗೇಣು. ನಾನು ಹೊಲಿದ ಸಾಲೇ ಹಿಂದುಮುಂದಾಗಿ ಕಾಲು ಮೇಲೆ, ತಲೆ ಕೆಳಗೆ! ಅತ್ತೆ ನಗಬೇಕೋ ಅಳಬೇಕೋ ತಿಳಿಯದೆ ಅಡುಗೆಮನೆಗೆ ಹೋದರು.

"ರೀ, ನೀವು ಬದಲಾಯಿಸಿದ್ದನ್ನೇ ಬದಲಾಯಿಸ್ತಿದೀರ" ಎಂದಳು ಸರೋಜ.

"ನಾನು ಬದಲಾಯಿಸಿದ್ದು ಬದಲಾಗಿಲ್ಲ ಅಂತ ಬದಲಾಯಿಸ್ದೆ" ಎಂದೆ. ಹೇಳಿದ ಮೇಲೆ ನನಗೂ ಅರ್ಥವಾಗಲಿಲ್ಲ.

ಕೊನೆಗೆ ಮದುಮಗಳೇ ಸೆರಗು ಸಿಕ್ಕಿಸಿ ಎದ್ದು ಬಂದಳು. "ಭಾವ, ನೀವು ಆಚೆ ಹೋಗಿ ಕಾಫಿ ಕುಡೀರಿ" ಎಂದು ಕಟ್ಟು ಕಸಿದುಕೊಂಡಳು. ಅಪ್ಪ ನಂಬರ್ ಹೇಳಿದರು, ಮಗಳು ಪಟ್ಟಿ ಬದಲಿಸಿದಳು. ನಾನು ಹೊರಗೆ ಕೂತು ಕಾಫಿ ಮುಗಿಸುವಷ್ಟರಲ್ಲಿ ಒಳಗಿನಿಂದ ಕೂಗು ಕೇಳಿಸಿತು: ನವಿಲು ಸರಿಯಾಗಿ ನಿಂತಿತ್ತು! ನಾನಿಲ್ಲದಿದ್ದರೆ ಕೆಲಸ ಎಷ್ಟು ಬೇಗ ಆಗುತ್ತದೆ ಎಂದು ಆಗ ಗೊತ್ತಾಯಿತು.

ಕೆಟ್ಟ ತುಂಡನ್ನು ಕತ್ತರಿಸಿ ತೆಗೆದರು. ಎಳೆಗಳನ್ನು ಉದ್ದವಾಗಿ ಏರಿಸಿದ್ದರಿಂದ ಸೀರೆಗೆ ಕೊರತೆಯಾಗಲಿಲ್ಲ. ಮಾವ ಊಟ ನಿದ್ದೆ ಬಿಟ್ಟು ನೇಯ್ದು, ಮದುವೆಯ ಹಿಂದಿನ ದಿನ ಸೀರೆ ಮುಗಿಸಿದರು. ಮಂಟಪದಲ್ಲಿ ಗಿರಿಜ ಅದನ್ನುಟ್ಟು ನಿಂತಾಗ ಅವರು ಸೆರಗಿನ ತುದಿಯನ್ನು ಒಮ್ಮೆ ಮುಟ್ಟಿ ಪಕ್ಕಕ್ಕೆ ಸರಿದರು.

ಆಮೇಲೆ ಅಳಿಯಂದಿರಿಗೆ ಮರ್ಯಾದೆ. ಮಾವ ನನ್ನನ್ನು ಎಲ್ಲರ ಮುಂದೆ ಕರೆದು, ರೇಷ್ಮೆಯ ಶಲ್ಯವೊಂದನ್ನು ಹೆಗಲಿಗೆ ಹೊದಿಸಿದರು. ಕೃತಕೃತ್ಯನಾಗಿ ಬಗ್ಗಿ ನೋಡಿದರೆ ಅದೇ ಕೆಟ್ಟ ತುಂಡು!

ಬೀಗರ ಕಡೆಯ ಹಿರಿಯರೊಬ್ಬರು ಕನ್ನಡಕ ಏರಿಸಿ ಹತ್ತಿರ ಬಂದರು. "ಕೊಕ್ಕೈತೆ, ತೊಟ್ಟೈತೆ, ಕಾಲು ಮ್ಯಾಲೈತೆ. ಇದ್ಯಾವ ಪ್ರಾಣೀನ್ರೀ?"

"ಅದಾ?" ಎಂದರು ಮಾವ. "ನಮ್ಮ ದೊಡ್ಡ ಅಳಿಯಂದ್ರು."

ಹಿರಿಯರು ಒಮ್ಮೆ ಶಲ್ಯ ನೋಡಿದರು, ಒಮ್ಮೆ ನನ್ನ ಮುಖ ನೋಡಿದರು, ಹೌದೌದು ಎಂಬಂತೆ ತಲೆಯಾಡಿಸಿದರು. ನಾನು ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿದೆ.