ಶಾಸನಬದ್ಧ ಸಂಡಾಸ

ಮನೆ ಕೊಳ್ಳುವುದು ದೊಡ್ಡ ಕೆಲಸವೆಂದು ಜನ ಸುಮ್ಮನೆ ಹೆದರಿಸುತ್ತಾರೆ. ಕ್ರಮವಾಗಿ ದಿನಚರಿ ಬರೆಯುವವನಿಗೆ ಅದರಲ್ಲೇನು ಕಷ್ಟ? ಮನೆ ನೋಡಲು ಹೋದ ದಿನವೇ ನಾನು ಎಲ್ಲವನ್ನೂ ಎಣಿಸಿ ಬರೆದುಕೊಂಡೆ: ಕಂಬ ನಾಲ್ಕು, ತೊಲೆ ಹನ್ನೊಂದು, ಗೋಡೆಗೂಡು ಹದಿನಾರು, ಕೆತ್ತನೆಯ ಬಾಗಿಲು ಒಂದು. ಸಂಡಾಸ ಎಷ್ಟು ಎಂದು ಬರೆಯಲು ಮಾತ್ರ ಕಾಲಂ ಇರಲಿಲ್ಲ.

ಇದು ೨೦೦೪ರ ಮಾತು. ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದೆ. ಮದುವೆಯಾಗಿ ಮೂರು ತಿಂಗಳು. ಬಾಡಿಗೆ ಖೋಲಿಯಲ್ಲಿ ನಾನು, ಹೆಂಡತಿ ಸುನಂದಾ, ಮತ್ತು ಮೆಣಸಿನ ಘಾಟು. ದಿನಕ್ಕೆ ತಲಾ ನಲವತ್ತು ಸೀನು! ಆಗ ಕದರಮಂಡಲಗಿಯ ಆಚೆಗಿನ ಒಂದು ಹಳೆಯ ಊರಿನಲ್ಲಿ ಮನೆ ಮಾರಾಟಕ್ಕಿದೆ ಎಂದು ತಿಳಿಯಿತು. ಊರ ಹೆಸರು ಬರೆಯುವುದಿಲ್ಲ. ನಾನಿನ್ನೂ ಅಲ್ಲಿ ಬಾಳಬೇಕು. ಒಡೆದ ಗುಡಿ, ಹೂಳು ತುಂಬಿದ ಹೊಂಡ, ತಲೆಯಿಲ್ಲದ ವೀರಗಲ್ಲು. ಇತಿಹಾಸಕ್ಕೆ ಕೊರತೆಯೇ ಇರಲಿಲ್ಲ. ಉಳಿದೆಲ್ಲಕ್ಕೂ ಇತ್ತು.

ಸುನಂದಾಳನ್ನು ಕರೆದುಕೊಂಡು ಹೋದದ್ದು ಖರೇದಿ ಮುಗಿದ ಮೇಲೆ. ಅಚ್ಚರಿಪಡಿಸುವ ಉದ್ದೇಶ. ಅಚ್ಚರಿಪಟ್ಟಳು.

"ಸಂಡಾಸ ಎಲ್ಲೈತ್ರಿ?"

ನಮಗೆ ಮನೆ ಮಾರಿದ ಈರಪ್ಪಜ್ಜ ಅಲ್ಲೇ ಇದ್ದ; ನಾನು ಅವನ ಮುಖ ನೋಡಿದೆ. ಅಜ್ಜ ಬೇಲಿಯಾಚೆಗೆ ಕೈ ಬೀಸಿ ಉದಾರವಾಗಿ ಹೇಳಿದ: "ಅಷ್ಟೂ ಬಯಲ ಐತಲ್ಲ ತಂಗಿ! ಯಾರೂ ಏನೂ ಕೇಳೂದಿಲ್ಲ."

"ಈ ಊರಿಗೆ ಸಾವಿರ ವರ್ಷದ ಇತಿಹಾಸ ಐತಿ," ಎಂದು ನಾನು ಬಾಯಿ ಹಾಕಿದೆ.

"ಸಾವಿರ ವರ್ಷದಾಗ ಒಂದು ಸಂಡಾಸ ಕಟ್ಟಾಕ ಆಗಿಲ್ಲೇನ್ರಿ ಹಂಗಾರ? ನೀವು ಇತಿಹಾಸದಾಗ ಇರ್ರಿ. ನಾ ರಾಣೆಬೆನ್ನೂರಾಗ ತವರಮನ್ಯಾಗ ಇರ್ತೀನಿ."

ಹೊಸ ಸೊಸೆಯಂದಿರು ತವರಿಗೆ ಹೋಗುವ ಆಷಾಢ ಹೇಗೂ ಹತ್ತಿರವಿತ್ತು. ಹೋಗುವಾಗ ಬಸ್ಸಿನ ಕಿಟಕಿಯಿಂದ ಕರಾರು ಹೇಳಿದಳು: "ನಾಗರಪಂಚಮಿ ಉಂಡಿ ತಿಂದು ಬರ್ತೀನಿ. ಅಷ್ಟರಾಗ ಸಂಡಾಸ ಆಗಿರಬೇಕು. ಇಲ್ಲಂದ್ರ ದೀಪಾವಳಿನೂ ಅಲ್ಲೇ!"

ನಾನೊಬ್ಬನೇ ಹೊಸ ಮನೆ ಸೇರಿದೆ. ಗೌಂಡಿ ಹನುಮಂತ 'ನಾಳೆ, ನಾಳೆ' ಎನ್ನುತ್ತ ಮೂರು ವಾರ ಕಳೆದು, ಕೊನೆಗೂ ಬಂದು ಹಿತ್ತಲಲ್ಲಿ ಅಗೆಯತೊಡಗಿದ. ದಿನಚರಿಯಲ್ಲಿ ಬರೆದೆ: "ಸೋಮವಾರ. ಗುಂಡಿ: ಎರಡು ಮೊಳ. ಹೆಂಡತಿ: ರಾಣೆಬೆನ್ನೂರು." ಮಂಗಳವಾರ ಗುಂಡಿ ಇನ್ನಷ್ಟು ಇಳಿಯಿತು, ಹೆಂಡತಿ ಅಲ್ಲೇ. ಬುಧವಾರ ಗುದ್ದಲಿ ಠಣ್ ಎಂದಿತು.

ಆಳುದ್ದದ ಕಲ್ಲು! ಹನುಮಂತನಿಗೆ ಎಲ್ಲಿಲ್ಲದ ಹಿಗ್ಗು. "ಸಾಹೇಬ್ರ, ನಸೀಬ ಅಂದ್ರ ನಿಮ್ದು! ಗುಂಡಿ ಮ್ಯಾಲೆ ಇದನ್ನ ಹಾಸಿಬಿಡೂನು."

ಇಲ್ಲಿ ನಾನು ಸುಮ್ಮನಿದ್ದಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಆದರೆ ಕಲ್ಲಿನ ಮೇಲೆ ಅಕ್ಷರಗಳಿದ್ದವು, ನಾನು ಅಕ್ಷರಸ್ಥ! "ನಿಲ್ಲಿಸು, ಇದು ಶಾಸನ," ಎಂದೆ.

"ಯಾವ ಸರಕಾರದ್ರಿ?"

"ಈಗಿನದಲ್ಲ."

"ಹಂಗಾರ ಏನೂ ಅಂಜಿಕಿಲ್ಲ, ಹಾಸೂನ್ರಿ!"

ನಾನು ಒಪ್ಪಲಿಲ್ಲ. ಕಲ್ಲನ್ನು ಮೇಲೆತ್ತಿ ನಿಲ್ಲಿಸಿದೆವು. ಹಾವೇರಿಯಲ್ಲಿ ಶಾಸನ ಓದಬಲ್ಲ ನಿವೃತ್ತ ಮಾಸ್ತರರೊಬ್ಬರಿದ್ದರು. ಬ್ಯಾಡಗಿಯ ಎಸ್.ಟಿ.ಡಿ. ಬೂತಿನಿಂದ ಅವರಿಗೆ ಫೋನ್ ಮಾಡಿದೆ. "ರವಿವಾರ ಬರ್ತೀನಿ. ಕಲ್ಲು ತೊಳದು ಗೋಧಿಹಿಟ್ಟು ತಿಕ್ಕಿ ಇಡ್ರಿ, ಅಕ್ಷರ ಎದ್ದು ಕಾಣ್ತಾವು," ಎಂದರು.

ತೊಳೆದೆ. ತಿಕ್ಕಿದೆ. ಪಕ್ಕದ ಮನೆಯ ಬಸಮ್ಮಕ್ಕ ಬೇಲಿಯ ಮೇಲಿಂದ ನೋಡಿದಳು. ಗಂಡಸೊಬ್ಬ ಬೆಳಗ್ಗೆ ಎದ್ದು ಕಲ್ಲಿಗೆ ಸ್ನಾನ ಮಾಡಿಸಿ ಬಿಳಿ ಹಚ್ಚುತ್ತಿದ್ದರೆ ಅವಳಾದರೂ ಏನೆಂದುಕೊಳ್ಳಬೇಕು? ನಾನು ಅಂಗಡಿಯಿಂದ ಮರಳುವಷ್ಟರಲ್ಲಿ ಕಲ್ಲಿಗೆ ಕುಂಕುಮ. ಶುಕ್ರವಾರ ಹೂವು, ಊದಿನಕಡ್ಡಿ. ಶನಿವಾರದ ದಿನಚರಿ: "ತೆಂಗಿನಕಾಯಿ: ಒಂಬತ್ತು. ಗುಂಡಿ: ಇದ್ದಷ್ಟೇ. ಹೆಂಡತಿ: ಅಲ್ಲೇ." ನನ್ನ ಹಿತ್ತಲಿಗೆ ನಾನೇ ಚಪ್ಪಲಿ ಬಿಟ್ಟು ಹೋಗಬೇಕಾಯಿತು!

"ಅಕ್ಕಾರ, ಅದು ದೇವರಲ್ರಿ. ಅಲ್ಲಿ ಸಂಡಾಸ ಆಗೂದೈತಿ," ಎಂದೆ.

ಬಸಮ್ಮಕ್ಕ ಗಲ್ಲ ಬಡಿದುಕೊಂಡಳು. "ಬಿಡ್ತು ಅನ್ನೋ ತಮ್ಮಾ! ನೀನ ಅಲ್ಲೇನು ಮೊದಲ ಪೂಜಾ ಮಾಡಿದಾಂವ?"

ರವಿವಾರ ಮಾಸ್ತರರು ಬಂದರು. ಊರಿಗೆ ಊರೇ ಹಿತ್ತಲಲ್ಲಿ ನೆರೆದಿತ್ತು. ಅದು ನನ್ನ ಪಾಂಡಿತ್ಯಕ್ಕೆ ಸಂದ ಗೌರವವೆಂದು ಭಾವಿಸಿ ಕಾಲರ್ ಸರಿಪಡಿಸಿಕೊಂಡೆ. ಎಲ್ಲರಿಗೂ ಕೇಳುವಂತೆ ಓದಿರಿ ಎಂದು ಬೇಡಿಕೊಂಡವನೂ ನಾನೇ.

"ಈ ಹಿತ್ತಲ ಮೊದಲು ಹೂವಿನ ತೋಟ ಇತ್ತು. ಗುಡಿಗೆ ದಾನ ಕೊಟ್ಟಾರ," ಎಂದರು ಮಾಸ್ತರರು. ಜನ ತಲೆದೂಗಿದರು. "ಇದನ್ನ ಯಾವಾಂವ ತನ್ನದು ಮಾಡ್ಕೊಂತಾನೋ, ಅವ ಅರವತ್ತು ಸಾವಿರ ವರ್ಷ ಅಮೇಧ್ಯದಾಗಿನ ಹುಳ ಆಗಿ ಹುಟ್ಟತಾನ."

"ಅಂದ್ರ ಸಂಡಾಸದಾಗಿನ ಹುಳ," ಎಂದು ಹನುಮಂತ ಹಿಂದಿನ ಸಾಲಿನವರಿಗೆ ಬಿಡಿಸಿ ಹೇಳಿದ.

ಎಲ್ಲರೂ ನನ್ನತ್ತ ತಿರುಗಿದರು. ನಾನು ಈರಪ್ಪಜ್ಜನತ್ತ ತಿರುಗಿದೆ.

"ನಂದೇನೈತೋ ತಮ್ಮಾ? ನಾ ಆಗಲೇ ಮಾರಿಬಿಟ್ಟೀನಲ್ಲ!" ಎಂದ ಅಜ್ಜ. ಅಷ್ಟು ನಿರಾಳವಾದ ಮುಖವನ್ನು ನಾನು ಎಲ್ಲೂ ಕಂಡಿಲ್ಲ. ಮನೆಯೊಂದಿಗೆ ಹುಳವಾಗುವ ಹಕ್ಕೂ ಕಾನೂನುಬದ್ಧವಾಗಿ ನನ್ನ ಹೆಸರಿಗೆ ವರ್ಗವಾಗಿತ್ತು.

ಹಿತ್ತಲಲ್ಲಿ ಇನ್ನು ಗುದ್ದಲಿ ಹಚ್ಚಕೂಡದೆಂದು ಹಿರಿಯರು ಅಲ್ಲೇ ತೀರ್ಮಾನಿಸಿದರು. ಹನುಮಂತ ಗುಂಡಿ ಮುಚ್ಚಿದ. ದಿನಚರಿ: "ಗುಂಡಿ: ಸೊನ್ನೆ. ಹೆಂಡತಿ: ಅಲ್ಲೇ."

ಪಂಚಮಿ ಮುಗಿಯಿತು. ಸುನಂದಾ ಉಂಡಿ ಡಬ್ಬಿ ಹಿಡಿದು ಬಂದಳು. ಬಟ್ಟೆಬರೆಯ ಚೀಲ ತರಲಿಲ್ಲ. ಲಕ್ಷಣ ಒಳ್ಳೆಯದಿರಲಿಲ್ಲ. ನೇರ ಹಿತ್ತಲಿಗೆ ಹೋದಳು. ಸಂಡಾಸ ಇರಬೇಕಾದಲ್ಲಿ ನಾಲ್ವರು ಹೆಂಗಸರು ಆರತಿ ಬೆಳಗುತ್ತಿದ್ದರು. ಊರ ಹಿರಿಯರೊಬ್ಬರು ಶಾಪವನ್ನು ಸವಿಸ್ತಾರವಾಗಿ ವರ್ಣಿಸಿ, "ಹಿಂಗಾಗಿ ಇಲ್ಲಿ ಕಟ್ಟಾಕ ಬರೂದಿಲ್ಲವ್ವ," ಎಂದರು.

ಸುನಂದಾ ಸೆರಗು ಸರಿಪಡಿಸಿಕೊಂಡು ವಿನಯದಿಂದ ಕೇಳಿದಳು: "ಅಲ್ರಿ ಯಜಮಾನ್ರ, ನಮ್ಮವರು ಸಂಡಾಸದಾಗ ಹುಳ ಆಗೂದು ಖರೇ ಅಂದ್ರ, ಊರಾಗ ಒಂದಾದ್ರೂ ಸಂಡಾಸ ಬೇಕಲ್ರಿ? ಇಲ್ಲಂದ್ರ ಅವರು ಹುಟ್ಟೂದಾದ್ರೂ ಎಲ್ಲಿ?"

ಮೊದಲು ನಕ್ಕವಳು ಬಸಮ್ಮಕ್ಕ. ಆಮೇಲೆ ಎಲ್ಲರೂ. "ಹಿತ್ತಲ ಒಂದು ಬಿಟ್ಟು ಎಲ್ಲೇರ ಕಟ್ಕೋ ತಂಗಿ," ಎಂದು ಹಿರಿಯರು ಕಣ್ಣೊರೆಸಿಕೊಂಡರು.

ಎಲ್ಲಿ ಎಂಬುದನ್ನು ಸುನಂದಾ ಆಗಲೇ ನೋಡಿಟ್ಟಿದ್ದಳು: ಪಡಸಾಲೆಯ ಪಕ್ಕದ ಖೋಲಿ. ಓದಲು, ದಿನಚರಿ ಬರೆಯಲು ಎಂದು ನಾನು ಅದನ್ನು ಮೀಸಲಿಟ್ಟು, ಕಪಾಟಿಗೆ ಬಣ್ಣವನ್ನೂ ಹಚ್ಚಿದ್ದೆ!

"ಎರಡೂ ಸುಮ್ನ ಕುಂದರೂ ಕೆಲಸಾನ ಅಲ್ಲೇನ್ರಿ?" ಎಂದಳು.

ಈಗ ಹೆಂಡತಿ ಮನೆಯಲ್ಲಿದ್ದಾಳೆ. ಊರೂ ಮನೆಯಲ್ಲಿದೆ. ಕಲ್ಲಿಗೆ ಕಾಯಿ ಒಡೆಯುವವರೆಲ್ಲ ಪಡಸಾಲೆ ಹಾದೇ ಹೋಗುತ್ತಾರೆ. ಮರಳುವಾಗ ಸಂಡಾಸದ ಬಾಗಿಲು ತೆರೆದು ಅದರ ದರ್ಶನವನ್ನೂ ಪಡೆಯುತ್ತಾರೆ. ಒಳಗಿನಿಂದ ಚಿಲಕವಿರುವ ಬಾಗಿಲು ಮನೆಯಲ್ಲಿ ಅದೊಂದೇ. ಹೀಗಾಗಿ ನನ್ನ ದಿನಚರಿಯನ್ನೆಲ್ಲ ಅಲ್ಲೇ ಕುಳಿತು ಬರೆಯುತ್ತೇನೆ. ಇದನ್ನೂ ಅಲ್ಲಿಂದಲೇ ಬರೆದದ್ದು. ಸುನಂದಾ ಹೊರಗಿನಿಂದ ಬಾಗಿಲು ಬಡಿಯುತ್ತಿದ್ದಾಳೆ:

"ಲಗೂ ಹೊರಗ ಬರ್ರಿ! ನಿಮಗೇನು, ಮುಂದ ಅರವತ್ತು ಸಾವಿರ ವರ್ಷ ಟೈಮ್ ಐತಿ!"