ದರ್ಜಿಯಮ್ಮನ ಮನೆ ಗುಡ್ಡವಾದದ್ದು

ದರ್ಜಿಯಮ್ಮ: ಇನ್ನೊಂದು ಸಲ ಹೇಳಿ, ಕಿವಿ ತುಂಬ ಕೇಳ್ತೀನಿ. ಇದು ಮನೆ ಅಲ್ವಾ?

ಸರ್ವೆಯವ: ಅಲ್ಲ ಅಂತ ನಾನು ಹೇಳ್ತಿಲ್ಲ ಅಮ್ಮ. ನಕ್ಷೆ ಹೇಳ್ತಿದೆ.

ದರ್ಜಿಯಮ್ಮ: ನಕ್ಷೆ ಏನು ಅಂತ ಹೇಳುತ್ತೆ?

ಸರ್ವೆಯವ: ಗುಡ್ಡ ಅಂತ.

ದರ್ಜಿಯಮ್ಮ: ಹಾಗಾದ್ರೆ ನೀವೀಗ ಎಲ್ಲಿ ಕೂತಿದೀರಿ?

ಸರ್ವೆಯವ: (ಕಾಗದ ನೋಡಿಕೊಂಡು) ಗುಡ್ಡದ ಒಳಗೆ.

ಅವನು ಕೂತಿದ್ದದ್ದು ಸಮುದ್ರದ ದಂಡೆಯ ಕೊನೆಯ ಬೀದಿಯಲ್ಲಿ, ದರ್ಜಿಯಮ್ಮನ ಮುಂದಿನ ಕೋಣೆಯಲ್ಲಿ, ಒಂದು ಕಾಲು ಗಿಡ್ಡವಾದ ಮರದ ಕುರ್ಚಿಯ ಮೇಲೆ. ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ಗುಡ್ಡದೊಳಗೆ ಫ್ಯಾನು ಇರುವುದಿಲ್ಲ ಎಂದು ಅವನಿಗೆ ಗೊತ್ತಿಲ್ಲವೇ? ಗೊತ್ತು. ಆದರೆ ಸರ್ಕಾರದ ಕಾಗದದ ಎದುರು ಫ್ಯಾನಿನ ಸಾಕ್ಷಿ ನಡೆಯುವುದಿಲ್ಲ. ಕಿಟಕಿಯಾಚೆ ದಂಡೆಯ ಉದ್ದಕ್ಕೂ ಕಲ್ಲಿನ ರಾಶಿ ಬಿದ್ದಿತ್ತು. ನಾಳೆಯಿಂದ ಸಮುದ್ರಕ್ಕೆ ತಡೆಗೋಡೆ ಕಟ್ಟುವವರಿದ್ದರು. ಎಡಗಡೆಯ ಮನೆಯವರೆಗೂ ಕಲ್ಲು, ಬಲಗಡೆಯ ಮನೆಯಿಂದ ಮತ್ತೆ ಕಲ್ಲು. ದರ್ಜಿಯಮ್ಮನ ಮನೆಯ ಮುಂದೆ ಮಾತ್ರ ನಲವತ್ತು ಅಡಿ ಬೋಳು. ಆಕೆ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿಯನ್ನು ಕೈಯಲ್ಲೇ ಹಿಡಿದು ನಿಂತಿದ್ದಳು.

ದರ್ಜಿಯಮ್ಮ: ನಲವತ್ತಡಿ ಬಿಟ್ಟು ಗೋಡೆ ಕಟ್ತಾರಂತೆ! ನಾನು ಅಂಗಿ ಹೊಲಿದು ಎದೆ ಹತ್ರ ಒಂದು ಗೇಣು ಬಟ್ಟೆ ಬಿಟ್ಟುಬಿಟ್ರೆ ಗಿರಾಕಿ ಸುಮ್ನೆ ಹಾಕ್ಕೊಂಡು ಹೋಗ್ತಾನಾ? ಊರ ಸಮುದ್ರವೆಲ್ಲ ಆ ಸಂದೀಲಿ ನುಗ್ಗಿ ಸೀದಾ ನನ್ನ ಮನೆಗೆ ಬರುತ್ತೆ!

ಸರ್ವೆಯವ: ಲೆಕ್ಕ ಬಹಳ ಸುಲಭ ಅಮ್ಮ. ಮೂರು ಮೀಟರಿಗಿಂತ ತಗ್ಗಾಗಿರೋ ನೆಲಕ್ಕೆ ಗೋಡೆ. ಅದಕ್ಕಿಂತ ಎತ್ತರ ಇದ್ರೆ ಬೇಡ, ಸಮುದ್ರ ಅಲ್ಲಿಗೆ ಏರಲ್ಲ. ನಿಮ್ಮದು ಆರೂವರೆ ಮೀಟರ್. ಊರಲ್ಲೇ ಎತ್ತರ.

ಬಾಗಿಲಿನಿಂದ ಒಂದು ದನಿ: ಆರು ಮೀಟರ್ ಅರವತ್ತೆರಡು ಸೆಂಟಿಮೀಟರ್! ಸರಿಯಾಗಿ ಹೇಳಿ.

ಒಳಗೆ ಬಂದವರು ದರ್ಜಿಯಮ್ಮನ ಯಜಮಾನರು. ಮೂವತ್ತು ವರ್ಷ ನೀರಿನ ಪಂಪು ಮನೆಯಲ್ಲಿ ಗಾಲಿ ತಿರುಗಿಸಿ ನಿವೃತ್ತರಾದವರು. ಮನೆ ಗುಡ್ಡವಾಗಿದೆ ಎಂಬ ಪತ್ರ ಬಂದ ಮರುದಿನವೇ ಒಂದು ಊರುಗೋಲು ತಂದಿದ್ದರು. ಈಗ ಅದನ್ನು ಊರಿಕೊಂಡು, ಹೊಸ್ತಿಲಲ್ಲಿ ನಿಂತು, ಏದುಸಿರು ಬಿಡುತ್ತಿದ್ದರು.

ಸರ್ವೆಯವ: ಯಾಕೆ ಸರ್, ಹುಷಾರಿಲ್ವಾ?

ಯಜಮಾನರು: ಏನಿಲ್ಲ. ಕೆಳಗೆ ಊರಿಗೆ ಹೋಗಿದ್ದೆ. ಹತ್ತಿ ಬರ್ಬೇಕಲ್ಲ.

ದರ್ಜಿಯಮ್ಮ: ಏನು ಹತ್ತಿದ್ರಿ? ಮೂಲೆ ಅಂಗಡಿಯಿಂದ ಇಲ್ಲಿಗೆ ಗೋಲಿ ಬಿಟ್ರೆ ಗೋಲಿನೂ ಉರುಳಲ್ಲ!

ಯಜಮಾನರು: ನಿನಗೆ ಅಭ್ಯಾಸ ಆಗಿದೆ ಕಣೆ. ಎತ್ತರದಲ್ಲಿ ಹುಟ್ಟಿ ಬೆಳೆದವರಿಗೆ ಗೊತ್ತಾಗಲ್ಲ.

ದರ್ಜಿಯಮ್ಮ: ಹೋದ ಮಳೆಗಾಲದಲ್ಲಿ ಮಂಚದ ಕೆಳಗೆ ನೀರು ಬಂದಿದ್ದು ಮರೆತ್ರಾ? ನಿಮ್ಮ ಚಪ್ಪಲಿ ತೇಲ್ಕೊಂಡು ಅಡುಗೆ ಮನೆಗೆ ಬಂದಿತ್ತು!

ಯಜಮಾನರು: ಆಗಿನ್ನೂ ನಾವು ಗುಡ್ಡ ಆಗಿರಲಿಲ್ಲ.

ದರ್ಜಿಯಮ್ಮ: ಕೇಳಿದ್ರಾ ಸರ್ವೆಯವರೇ? ಮನೆ ಹೋಯ್ತು ಅಂತ ನಾನು ಅಳ್ತಿದ್ರೆ ಇವರಿಗೆ ಗುಡ್ಡ ಬಂತು ಅಂತ ಸಂಭ್ರಮ. ನಿಮ್ಮ ಕಚೇರಿಯವರು ಕಳಿಸಿದ ಬೋರ್ಡನ್ನ ಬಾಗಿಲಿಗೆ ಹೊಡೆದಿದಾರೆ, ಓದಿ!

ಬೋರ್ಡಿನಲ್ಲಿ ದಪ್ಪಕ್ಷರದಲ್ಲಿ ಬರೆದಿತ್ತು: ‘ನೆರೆ ಬಂದಾಗ ಎಲ್ಲರೂ ಈ ಗುಡ್ಡ ಹತ್ತಿ. ಮುನ್ನೂರು ಮಂದಿಗೆ ಜಾಗವಿದೆ.’

ದರ್ಜಿಯಮ್ಮ: ಮುನ್ನೂರು ಮಂದಿ! ಇರೋದು ಒಂದು ಬಚ್ಚಲು!

ಯಜಮಾನರು: ಸಾಲಾಗಿ ನಿಂತ್ಕೊಳ್ಳಲಿ.

ಸರ್ವೆಯವ: ಅಮ್ಮ, ಸ್ವಲ್ಪ ಕುಡಿಯೋಕೆ ನೀರು ಸಿಗುತ್ತಾ?

ದರ್ಜಿಯಮ್ಮ: ಗುಡ್ಡದೊಳಗೆ ನೀರು ಎಲ್ಲಿಂದ ಬರ್ಬೇಕಪ್ಪಾ? ನಕ್ಷೇಲಿ ನಲ್ಲಿ ತೋರಿಸಿದ್ರೆ ನೋಡ್ಕೊಂಡು ಹೋಗಿ ಹಿಡ್ಕೊಳ್ಳಿ.

ಸರ್ವೆಯವ ಬಾಯಾರಿಕೆ ನುಂಗಿಕೊಂಡ. ಪಾಪ, ಬಂದದ್ದೇ ಈಕೆಯ ದೂರು ವಿಚಾರಿಸಲು. ಸಂಜೆಯೊಳಗೆ ವರದಿ ಕಳಿಸಬೇಕು. ವರದಿಯಲ್ಲಿ ಗುಡ್ಡ ಗುಡ್ಡವಾಗಿಯೇ ಉಳಿದರೆ ನಾಳೆ ಗೋಡೆ ಕಟ್ಟುವವರು ನಲವತ್ತು ಅಡಿ ದಾಟಿಕೊಂಡು ಮುಂದೆ ಹೋಗುತ್ತಾರೆ, ಆಮೇಲೆ ತಲೆ ಚಚ್ಚಿಕೊಂಡರೂ ತಿರುಗಿ ಬರುವುದಿಲ್ಲ.

ದರ್ಜಿಯಮ್ಮ: ಅಲ್ಲ, ಕಣ್ಣಿರೋ ಯಾರಾದ್ರೂ ಮನೇನ ಗುಡ್ಡ ಅಂತಾರಾ?

ಸರ್ವೆಯವ: ನಕ್ಷೆಗೆ ಅಳತೆ ತೆಗೆದದ್ದು ವಿಮಾನ, ಅದಕ್ಕೆ ಕಣ್ಣಿಲ್ಲಮ್ಮ. ಮೇಲಿಂದ ಲೇಸರ್ ಬೆಳಕು ಬಿಡುತ್ತೆ. ಬೆಳಕು ಕೆಳಗೆ ಏನನ್ನೋ ಮುಟ್ಟಿ ವಾಪಸ್ ಬರುತ್ತೆ. ಎಷ್ಟು ಹೊತ್ತಲ್ಲಿ ಬಂತು ಅಂತ ನೋಡಿ ಎತ್ತರ ಹೇಳ್ತೀವಿ.

ದರ್ಜಿಯಮ್ಮ: ಎಲ್ಲರ ಮನೆ ಮೇಲೂ ಅದೇ ಬೆಳಕು ಬಿತ್ತಲ್ಲ. ಅವರ ಮನೆ ಮನೆಯಾಗೇ ಇದೆ!

ಸರ್ವೆಯವ: ಅವರ ಮನೆಗೆ ಗೋಡೆ ಕಾಣುತ್ತೆ. ನೆಲದಿಂದ ಎತ್ತರ ದಿಢೀರಂತ ಏರುತ್ತೆ. ಯಂತ್ರ ‘ಓ, ಇದು ಮನೆ’ ಅಂತ ಅದನ್ನ ಪಕ್ಕಕ್ಕಿಟ್ಟು, ನೆಲ ಮಾತ್ರ ಲೆಕ್ಕಕ್ಕೆ ತಗೊಳ್ಳುತ್ತೆ. ನಿಮ್ಮದು ನೆಲದಿಂದ ನೆತ್ತಿ ತನಕ ನುಣ್ಣಗೆ ಏರಿದೆ.

ದರ್ಜಿಯಮ್ಮ: ದೂರದ ಬೆಟ್ಟ ನುಣ್ಣಗೆ ಅಂತ ಹಿರಿಯರು ಹೇಳಿದ್ದು ನಿಮ್ಮ ವಿಮಾನ ನೋಡೇ ಇರ್ಬೇಕು. ಎಲ್ಲ ಆ ದರಿದ್ರ ಕುಂಬಳ ಬಳ್ಳಿಯಿಂದ!

ದರಿದ್ರ ಎಂದದ್ದು ಯಜಮಾನರಿಗೆ ತಾಗಿತು. ಮನೆಯ ನಾಲ್ಕೂ ಕಡೆ ಮಾಳಿಗೆಯಿಂದ ನೆಲದವರೆಗೆ ಓರೆಯಾಗಿ ಬಿದಿರು ಗಳ ಕಟ್ಟಿ, ಅದರ ಮೇಲೆ ಅವರು ಕುಂಬಳ ಬಳ್ಳಿ ಹಬ್ಬಿಸಿದ್ದರು. ಬಾಗಿಲಿಗೂ ಕಿಟಕಿಗೂ ತಲೆ ತೂರುವಷ್ಟು ಸಂದು ಬಿಟ್ಟಿದ್ದರು. ಒಂದು ಬಳ್ಳಿ ಒಣಗುವುದರೊಳಗೆ ಇನ್ನೊಂದು ಹಬ್ಬಿರುತ್ತಿತ್ತು. ಹೆಂಡತಿಗಿಂತ ಹೆಚ್ಚು ಮಾತು ಅವರು ಬಳ್ಳಿಯ ಜೊತೆ ಆಡುತ್ತಿದ್ದರು, ಏಕೆಂದರೆ ಬಳ್ಳಿ ಎದುರು ಮಾತಾಡುತ್ತಿರಲಿಲ್ಲ.

ಸರ್ವೆಯವ: ಬಳ್ಳಿ ಆದ್ರೂ ಪರವಾಗಿಲ್ಲಮ್ಮ. ಎಂಥ ಮರದಲ್ಲೂ ಎಲೆ ಸಂದೀಲಿ ಒಂದೆರಡು ಕಿರಣ ಕೆಳಗೆ ಇಳಿಯುತ್ತೆ. ನಿಮ್ಮ ಬಳ್ಳೀಲಿ ಒಂದೂ ಇಳಿದಿಲ್ಲ.

ಯಜಮಾನರು: (ಮೀಸೆ ತೀಡುತ್ತ) ಹೇಗೆ ಇಳಿಯುತ್ತೆ? ಬೆಳೆಸಿರೋದು ಯಾರು?

ದರ್ಜಿಯಮ್ಮ: ವಿಮಾನ ಹೋದ ದಿನದಿಂದ ಬಡ್ಕೊಳ್ತಿದೀನಿ, ಇನ್ನಾದ್ರೂ ಕಡಿದು ಹಾಕ್ರೀ ಅಂತ. ಹಾಡುಹಗಲಲ್ಲಿ ಲೈಟ್ ಹಾಕ್ಕೊಂಡು ಸೂಜಿಗೆ ದಾರ ಪೋಣಿಸ್ತೀನಿ. ಇವತ್ತು ಈ ಕತ್ತರಿಯಲ್ಲೇ ಬುಡ ಕತ್ತರಿಸ್ತೀನಿ ನೋಡ್ತಿರಿ!

ಯಜಮಾನರು: ಬಳ್ಳಿ ಮುಟ್ಟಿದ್ರೆ ನಾನು ಗುಡ್ಡ ಬಿಟ್ಟು ಹೋಗ್ತೀನಿ!

ದರ್ಜಿಯಮ್ಮ: ಹೋಗಿ. ಇಳಿಜಾರು, ಸುಲಭ ಆಗುತ್ತೆ.

ಸರ್ವೆಯವ: ಕತ್ತರಿಸೋದೆಲ್ಲ ಬೇಡಮ್ಮ. ಬೀದಿ ತುದಿಯಲ್ಲಿರೋ ಅಳತೆ ಕಲ್ಲಿನಿಂದ ನಿಮ್ಮ ಹೊಸ್ತಿಲ ತನಕ ಬೆಳಿಗ್ಗೆನೇ ಅಳೆದಿದೀನಿ. ನಿಮ್ಮ ನೆಲದ ಎತ್ತರ ಬರೀ ಒಂದು ಮೀಟರ್ ಹತ್ತು.

ದರ್ಜಿಯಮ್ಮ: ಅಯ್ಯೋ ನನ್ನಪ್ಪಾ! ಮೊದಲೇ ಹೇಳೋಕೆ ಏನಾಗಿತ್ತು? ಬರ್ಕೊಳ್ಳಿ, ಬೇಗ ಬರ್ಕೊಳ್ಳಿ!

ಯಜಮಾನರು: (ಕುಸಿದು ಕೂತು) ಒಂದು ಮೀಟರ್ ಹತ್ತಾ? ನನ್ನ ಸೊಂಟದಷ್ಟು!

ಸರ್ವೆಯವ: ಬರೀತೀನಿ. ಒಂದೇ ಒಂದು ವಿಷಯ. ನೆಲ ಒಂದು ಮೀಟರ್ ಹತ್ತು, ನೆತ್ತಿ ಆರು ಅರವತ್ತೆರಡು. ನಡುವೆ ಐದೂವರೆ ಮೀಟರ್ ಏನಿದೆ ಅಂತ ಬರೀಬೇಕು. ಕಟ್ಟಡ ಅಂತ ಬರೀತೀನಿ. ಎಷ್ಟು ಅಂತಸ್ತು?

ದರ್ಜಿಯಮ್ಮನ ಕೈಯ ಕತ್ತರಿ ನಿಧಾನವಾಗಿ ಮೇಜಿನ ಮೇಲೆ ಇಳಿಯಿತು.

ದರ್ಜಿಯಮ್ಮ: ಒಂದೇ.

ಸರ್ವೆಯವ: ಒಂದೇ ಅಂತಸ್ತಿಗೆ ಐದೂವರೆ ಮೀಟರಾ?

ದರ್ಜಿಯಮ್ಮ: ಒಂದೇ ಅಂತ ಹೇಳಿದ್ನಲ್ಲ! ಮೇಲೆ ಏನೂ ಇಲ್ಲ. ಕೋಣೆನೂ ಇಲ್ಲ, ಹೊಲಿಗೆ ಮಿಷಿನ್ನೂ ಇಲ್ಲ!

ಸರ್ವೆಯವ: ಹೊಲಿಗೆ ಮಿಷಿನ್ ವಿಷಯ ನಾನು ಕೇಳಲೇ ಇಲ್ವಲ್ಲಮ್ಮ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆ ಇದೆಯಲ್ಲ, ಈ ಮನೆಯಲ್ಲಿ ಅದಕ್ಕೆ ಬೇಕಾದ ಕುಂಬಳವೂ ತಯಾರಿತ್ತು. ದಂಡೆಯ ಮೇಲೆ ಎರಡನೆಯ ಅಂತಸ್ತು ಕಟ್ಟಬಾರದೆಂದು ಕಾನೂನು. ಕಾನೂನಿಗೆ ತಿಳಿಸದೆ ದರ್ಜಿಯಮ್ಮ ಮಾಳಿಗೆಯ ಮೇಲೊಂದು ಹೊಲಿಗೆ ಕೋಣೆ ಕಟ್ಟಿಸಿದ್ದಳು.

ಯಜಮಾನರು: ಈಗ ನಾನು ಬಾಯಿ ಬಿಡ್ತೀನಿ.

ದರ್ಜಿಯಮ್ಮ: ರೀ! ಸುಮ್ನಿರ್ರಿ!

ಯಜಮಾನರು: ದರಿದ್ರ ಬಳ್ಳಿ ಅಂದ್ಯಲ್ಲ? ಕೇಳಿ ಸರ್ವೆಯವರೇ. ನನ್ನ ಬಳ್ಳಿ ಪಾಪ ಮಾಳಿಗೆ ಮೇಲೆ ತನ್ನ ಪಾಡಿಗೆ ತಾನಿತ್ತು. ‘ವಿಮಾನ ಬರುತ್ತಂತೆ, ಕಟ್ಟಡ ಪರವಾನಗಿ ಕಚೇರಿಯವರೇ ಕಳಿಸಿದಾರಂತೆ, ಕೋಣೆಯ ಮೂಲೆ ಕಾಣಬಾರದು, ಬಳ್ಳೀನ ನೆಲದ ತನಕ ಇಳಿಸ್ರೀ’ ಅಂತ ಪ್ರಾಣ ತಿಂದೋಳು ಇವಳು! ಅಷ್ಟಕ್ಕೇ ಬಿಟ್ಲಾ? ಟೇಪು ಹಿಡ್ಕೊಂಡು ನಾಲ್ಕು ಸುತ್ತು ಬಂದಳು. ‘ಇಲ್ಲಿ ಸುಕ್ಕು ಬಿದ್ದಿದೆ, ಎಳೀರಿ. ಅಲ್ಲಿ ಭುಜ ಎದ್ದು ಕಾಣುತ್ತೆ, ತಗ್ಗಿಸಿ. ಸೊಂಟದ ಹತ್ರ ಸ್ವಲ್ಪ ಸಡಿಲ ಬಿಡಿ.’ ಎಲೆ ತೆಳ್ಳಗಿದ್ದ ಕಡೆ ಎಲೆಗೆ ಎಲೆ ಸೇರಿಸಿ ಹೊಲಿಗೆ ಹಾಕಿದಾಳೆ! ಮನೆಗೆ ಗುಡ್ಡ ಹೊಲಿದು ತೊಡಿಸಿದವಳು ಇವಳು, ಬೈಸ್ಕೊಳ್ಳೋದು ನಾನು!

ಸರ್ವೆಯವ: (ಎದ್ದು ನಿಂತು) ಅಮ್ಮ, ಅದು ನೀವೇನಾ? ಅಷ್ಟು ನುಣ್ಣನೆ ಇಳಿಜಾರು ನಮ್ಮ ಕಚೇರಿಯಲ್ಲಿ ಯಾರೂ ನೋಡೇ ಇರಲಿಲ್ಲ. ಗುಡ್ಡ ಅಂದ್ರೆ ಹೀಗಿರಬೇಕು ಅಂತ ನಮ್ಮ ಸಾಹೇಬರು ಗೋಡೆಗೆ ಅಂಟಿಸಿದಾರೆ!

ದರ್ಜಿಯಮ್ಮ: (ಮುಖ ಅರಳಿ) ಹೌದಾ? ಯಾವ ಕಡೆಯ ಇಳಿಜಾರು? ತೆಂಕಣ ಕಡೆದಾ? ಅದಕ್ಕೆ ಎರಡು ದಿನ ಹಿಡೀತಪ್ಪಾ. (ಥಟ್ಟನೆ ನೆನಪಾಗಿ) ಅಯ್ಯೋ, ನನ್ನ ಹೊಗಳಿಕೆಗೆ ಬೆಂಕಿ ಬೀಳ! ಈಗ ಏನು ಮಾಡ್ತೀರಿ ಹೇಳಿ.

ಸರ್ವೆಯವ: ಎರಡೇ ದಾರಿ. ಗುಡ್ಡ ಅಂತ ಬಿಟ್ರೆ ತಡೆಗೋಡೆ ಇಲ್ಲ. ಎರಡು ಅಂತಸ್ತಿನ ಕಟ್ಟಡ ಅಂತ ಬರೆದ್ರೆ ತಡೆಗೋಡೆ ಬರುತ್ತೆ, ಅದರ ಹಿಂದೆನೇ ಮೇಲಿನ ಕೋಣೆ ಕೆಡವೋರೂ ಬರ್ತಾರೆ. ಅವರ ಕಚೇರಿ ಬೇರೆ. ಅದೊಂದು ಮಾತ್ರ ಬೇಗ ಕೆಲಸ ಮಾಡುತ್ತೆ.

ದರ್ಜಿಯಮ್ಮ: ಅತ್ತ ದರಿ, ಇತ್ತ ಪುಲಿ! ಆ ಕೋಣೆ ಹೋದ್ರೆ ಮಿಷಿನ್ ಎಲ್ಲಿಡಲಿ? ಕೆಳಗಿಟ್ರೆ ಪ್ರತಿ ಮಳೆಗಾಲ ನೀರು ಕುಡಿಯುತ್ತೆ ಅಂತಲೇ ಮೇಲೆ ಕಟ್ಟಿಸಿದ್ದು. ಮೂರು ಜನ ನಾದಿನಿಯರ ಮದುವೆ ಬಟ್ಟೆ ಅದರಲ್ಲೇ ಹೊಲಿದೆ. ನನಗೆ ಗೊತ್ತಿರೋದು ಅದೊಂದೇ ವಿದ್ಯೆ ಕಣಪ್ಪಾ.

ಆಕೆ ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡಳು. ಯಜಮಾನರು ಊರುಗೋಲನ್ನು ಮೆಲ್ಲಗೆ ಕುರ್ಚಿಯ ಹಿಂದೆ ಅಡಗಿಸಿದರು.

ದರ್ಜಿಯಮ್ಮ: ಆ ಕಾಗದ ಕೊಡಿ ಇಲ್ಲಿ. ಹೊಲಿಯೋಕೆ ಮುಂಚೆ ಬಟ್ಟೆ ಎಷ್ಟಿದೆ ನೋಡ್ತೀನಿ. (ಓದುತ್ತಾಳೆ) ‘ಬೆಳಕು ಮುಟ್ಟಿದ್ದು ಏನನ್ನು? ನೆಲ, ನೀರು, ಕಟ್ಟಡ, ಗಿಡ, ಹಾರುವ ಹಕ್ಕಿ. ಒಂದಕ್ಕೆ ಮಾತ್ರ ಗುರುತು ಹಾಕಿ.’ ಏನಪ್ಪಾ, ನಿಮ್ಮ ಬೆಳಕು ನನ್ನ ಗೋಡೆ ಮುಟ್ತಾ?

ಸರ್ವೆಯವ: ಇಲ್ಲ.

ದರ್ಜಿಯಮ್ಮ: ಮಾಳಿಗೆ?

ಸರ್ವೆಯವ: ಇಲ್ಲ. ಎಲೆ ಮುಟ್ಟಿ ವಾಪಸ್ ಹೋಯ್ತು.

ದರ್ಜಿಯಮ್ಮ: ಮುಟ್ಟದೇ ಇರೋದನ್ನ ಮುಟ್ಟಿದೆ ಅಂತ ಬರೆದ್ರೆ ಸುಳ್ಳಾಗಲ್ವಾ?

ಸರ್ವೆಯವ: ಆಗುತ್ತೆ.

ದರ್ಜಿಯಮ್ಮ: ಸರ್ಕಾರಿ ಕಾಗದದಲ್ಲಿ ಸುಳ್ಳು ಬರೀತೀರಾ?

ಸರ್ವೆಯವ: ಇಲ್ಲವೇ ಇಲ್ಲ!

ದರ್ಜಿಯಮ್ಮ: ಮತ್ತೆ ಗಿಡ ಅಂತ ಬರೀರಿ. ಹಾವೂ ಸಾಯಲಿ, ಕೋಲೂ ಮುರಿಯದೇ ಇರಲಿ.

ಸರ್ವೆಯವ ಪೆನ್ನು ಕಚ್ಚಿ ಯೋಚಿಸಿದ. ಹುಡುಕಿದ, ಎಲ್ಲೂ ಸುಳ್ಳು ಸಿಗಲಿಲ್ಲ. ಬರೆದ: ನೆಲ, ಒಂದು ಮೀಟರ್ ಹತ್ತು. ಅದರ ಮೇಲೆ, ಗಿಡ. ಎತ್ತರ ಐದೂವರೆ ಮೀಟರ್.

ಯಜಮಾನರು: ತಡೆಗೋಡೆ?

ಸರ್ವೆಯವ: ಬರುತ್ತೆ. ಗೋಡೆಯವರು ನೆಲ ನೋಡ್ತಾರೆ, ಮೇಲೆ ಏನಿದೆ ಅಂತ ನೋಡಲ್ಲ. ಕೆಡವೋರು ಕಟ್ಟಡ ನೋಡ್ತಾರೆ, ಗಿಡ ಅವರಿಗೆ ಸೇರಿದ್ದಲ್ಲ. ಆದ್ರೆ ಒಂದು ಮಾತು ನೆನಪಿಡಿ. ಗೋಡೆ ಕಟ್ಟಿದ ಮೇಲೆ ಆರು ತಿಂಗಳಿಗೊಂದ್ಸಲ ವಿಮಾನ ಬರುತ್ತೆ. ಬಂದಾಗೆಲ್ಲ ಗಿಡ ಇರಬೇಕು. ಒಂದು ಕುಡಿ ಒಣಗಿ ಸಂದಾದ್ರೂ ಕೆಳಗಿರೋದು ಕಂಡುಬಿಡುತ್ತೆ.

ಯಜಮಾನರು ಎದ್ದರು. ಗುಡ್ಡ ಹೋದ ದುಃಖ ಅವರ ಮುಖದಲ್ಲಿ ಈಗ ಎಳ್ಳಷ್ಟೂ ಇರಲಿಲ್ಲ. ಮೇಜಿನ ಮೇಲಿದ್ದ ಕತ್ತರಿಯನ್ನು ಎತ್ತಿ ಗೂಡಿನ ಮೇಲಿಟ್ಟರು, ಮೂಲೆಯಲ್ಲಿದ್ದ ಬಕೆಟ್ಟನ್ನು ತಂದು ಹೆಂಡತಿಯ ಕಾಲ ಬುಡದಲ್ಲಿಟ್ಟರು.

ಯಜಮಾನರು: ಬುಡಕ್ಕೆ ಹಾಕು. ಎಲೆ ಮೇಲೆ ಹಾಕ್ಬೇಡ, ಕೊಳೆಯುತ್ತೆ. ಇದು ಒಣಗೋದ್ರೊಳಗೆ ಇನ್ನೊಂದು ಹಬ್ಬಿಸ್ಬೇಕು. ದಿನಾ ಬೆಳಿಗ್ಗೆ ನಾಲ್ಕು ಒಳ್ಳೆ ಮಾತೂ ಆಡ್ಬೇಕು.

ದರ್ಜಿಯಮ್ಮ: ಬಳ್ಳಿ ಜೊತೆನಾ?

ಯಜಮಾನರು: ಅದ್ರಿಂದ ಶುರು ಮಾಡು. ಅಭ್ಯಾಸ ಆದ್ಮೇಲೆ ನನ್ನ ಹತ್ರ ಬಾ.

ದರ್ಜಿಯಮ್ಮ ಹಲ್ಲು ಕಚ್ಚಿ ಬಕೆಟ್ ತುಂಬಿಸಿಕೊಂಡಳು. ಸರ್ವೆಯವ ಕಾಗದ ಮಡಚಿ ಚೀಲಕ್ಕೆ ಹಾಕಿ, ಬಾಗಿಲ ಬಳಿ ಸಂಕೋಚದಿಂದ ನಿಂತ.

ಸರ್ವೆಯವ: ಅಮ್ಮ, ಈಗಲಾದ್ರೂ ಒಂದು ಲೋಟ ನೀರು...

ದರ್ಜಿಯಮ್ಮ: ಒಂದು ನಿಮಿಷ ತಡೀರಪ್ಪಾ. ಮೊದಲು ಮನೆಗೆ ನೀರು ಹಾಕಿ ಬರ್ತೀನಿ.